ಕೊಳ್ಳೇಗಾಲ ಕೊಯಮತ್ತೂರಿಗೆ ಸೇರಿದ್ದಾಗ

ಕೊಯಮತ್ತೂರಿನ ಹಳೆಯ ಕಥೆ ತೆಗೆದರೆ ಹತ್ತಿ ಗಿರಣಿಗಳ ಮಾತು ಬರುತ್ತದೆ, ಸಿರುವಾಣಿ ನೀರಿನ ಮಾತು ಬರುತ್ತದೆ. ಇಲ್ಲಿನ ಕಲೆಕ್ಟರ್ ಕಚೇರಿ ಒಂದೂವರೆ ಶತಮಾನ ಕೊಳ್ಳೇಗಾಲವನ್ನೂ ಈಗಿನ ಹನೂರನ್ನೂ ಮಲೆ ಮಹದೇಶ್ವರ ಬೆಟ್ಟವನ್ನೂ ಆಳುತ್ತಿತ್ತೆಂಬುದು ಮಾತ್ರ ಇಲ್ಲಿನ ಕನ್ನಡಿಗರಲ್ಲೇ ಅನೇಕರಿಗೆ ನೆನಪಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯ ಹರಿದು ಹಂಚಿಹೋಯಿತು. ಕೊಯಮತ್ತೂರಿನ ಜೊತೆಗೆ ಕೊಳ್ಳೇಗಾಲವೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಎರಡೂ ಊರುಗಳ ನಡುವೆ 20 ಕಿಲೋಮೀಟರೂ ಇಲ್ಲ. ಶಿವನಸಮುದ್ರದಲ್ಲಂತೂ ಗಗನಚುಕ್ಕಿಯ ದಂಡೆ ಮೈಸೂರಿಗೆ, ಭರಚುಕ್ಕಿಯ ದಂಡೆ ಮದರಾಸಿಗೆ. ಈ ಗೆರೆಯನ್ನು 1956ರ ನವೆಂಬರ್ 1ರಂದು ಅಳಿಸಿದ್ದು ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ. ಆ ಕಾಯ್ದೆಗೆ ಬಲ ಕೊಟ್ಟದ್ದು, ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುವ ಸಂವಿಧಾನದ 3ನೇ ವಿಧಿ. ಈ ಒಂದು ವಿಷಯದಲ್ಲಿ ನಮ್ಮವರು ಅಮೆರಿಕದ ದಾರಿ ಹಿಡಿಯದೇ ಹೋದದ್ದು ಕೊಳ್ಳೇಗಾಲದ ಪಾಲಿಗೆ ಒಳ್ಳೆಯದಾಯಿತು ಎಂಬುದು ನನ್ನ ವಾದ.

1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ನಾಲ್ಕನೇ ವಿಧಿಯ ಪ್ರಕಾರ ಒಂದು ರಾಜ್ಯದ ನೆಲವನ್ನು ಒಡೆದು ಹೊಸ ರಾಜ್ಯ ಮಾಡಬೇಕಾದರೆ ಆ ರಾಜ್ಯದ ಶಾಸನಸಭೆಯೇ ಒಪ್ಪಬೇಕು. ಒಕ್ಕೂಟಕ್ಕಿಂತ ಮೊದಲೇ ಇದ್ದ ರಾಜ್ಯಗಳು ಕೂಡಿ ಮಾಡಿಕೊಂಡ ಒಪ್ಪಂದವಾದ್ದರಿಂದ ಆ ಕಟ್ಟುನಿಟ್ಟು ಸಹಜವೇ. ಆದರೆ 1861ರಲ್ಲಿ ವರ್ಜೀನಿಯಾ ಒಕ್ಕೂಟ ಬಿಟ್ಟು ಹೋದಾಗ ಅದರ ಪಶ್ಚಿಮದ ಬೆಟ್ಟಗಾಡಿನ ಕೌಂಟಿಗಳು ಹೋಗಲೊಪ್ಪಲಿಲ್ಲ. ಆ ಜನರ ನಾಯಕರು ವೀಲಿಂಗ್ ಪಟ್ಟಣದಲ್ಲಿ ಸೇರಿ, ತಮ್ಮದೇ ನಿಜವಾದ ವರ್ಜೀನಿಯಾ ಸರ್ಕಾರವೆಂದು ಸಾರಿದರು. ವರ್ಜೀನಿಯಾವನ್ನು ಒಡೆಯಲು ಒಪ್ಪಿಗೆ ಕೊಟ್ಟದ್ದು ಆ ಸರ್ಕಾರವೇ! ಲಿಂಕನ್ 1862ರ ಡಿಸೆಂಬರ್ 31ರಂದು ಸಹಿ ಹಾಕಿದರು, 1863ರ ಜೂನ್ 20ಕ್ಕೆ ಪಶ್ಚಿಮ ವರ್ಜೀನಿಯಾ ಹುಟ್ಟಿತು. ಯುದ್ಧ ಮುಗಿದ ಮೇಲೆ, ಪುನರ್‌ನಿರ್ಮಾಣದ ಕಾಲದಲ್ಲಿ, ಬರ್ಕ್ಲಿ ಮತ್ತು ಜೆಫರ್ಸನ್ ಎಂಬ ಎರಡು ಕೌಂಟಿಗಳಿಗಾಗಿ ವರ್ಜೀನಿಯಾ ಸುಪ್ರೀಂ ಕೋರ್ಟಿಗೆ ಹೋಗಿ 1871ರಲ್ಲಿ ಸೋತಿತು. ಜನರ ಇಚ್ಛೆ ಬೇರೆ, ಹಳೆಯ ಗಡಿ ಬೇರೆ ಆದಾಗ ಅಂಥ ಕಠಿಣ ನಿಯಮಕ್ಕೆ ಒಂದು ಯುದ್ಧವೂ ಒಂದು ಕಾನೂನಿನ ಜಾಣ್ಮೆಯೂ ಬೇಕಾದವು.

ನಮ್ಮ ಸಂವಿಧಾನದ 1948ರ ಕರಡಿನಲ್ಲೂ ಇಂಥ ತಡೆ ಇತ್ತು. ಬೇರೆಯಾಗಬೇಕಾದ ಪ್ರದೇಶದ ಶಾಸಕರಲ್ಲಿ ಬಹುಮತದವರು ರಾಷ್ಟ್ರಪತಿಗೆ ಮನವಿ ಕೊಡಬೇಕು, ಇಲ್ಲವೇ ಸಂಬಂಧಪಟ್ಟ ರಾಜ್ಯದ ಶಾಸನಸಭೆ ನಿರ್ಣಯ ಮಾಡಬೇಕು ಎಂದಿತ್ತು. ಕೊನೆಗೆ ಉಳಿದದ್ದು, ಸಂಸತ್ತು ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ ಎಂಬ ಮಾತು. ಕೇಂದ್ರದ ಕೈಗೆ ಇಷ್ಟು ಅಧಿಕಾರ ಕೊಟ್ಟರೆ ರಾಜ್ಯಗಳಿಗೆ ಬೆಲೆಯೇನು ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ, ಅದು ಹಗುರವಾದುದಲ್ಲ. ಆದರೆ 1799ರ ಗಡಿ ಯಾವ ಜನರ ಒಪ್ಪಂದದಿಂದಲೂ ಹುಟ್ಟಿದ್ದಲ್ಲ, ಗೆದ್ದವರು ಲೂಟಿ ಹಂಚಿಕೊಂಡಾಗ ಬಿದ್ದ ಗೀಟು. ಅಂಥ ಗಡಿಯನ್ನು ಕಾಯಲು ಮದರಾಸಿನ ಶಾಸನಸಭೆಗೆ ತಡೆಯುವ ಹಕ್ಕು ಕೊಟ್ಟಿದ್ದರೆ ಅದು ಕಂಪನಿಯ ಕೆಲಸವನ್ನು ಸಂವಿಧಾನವೇ ಮುಂದುವರಿಸಿದಂತಾಗುತ್ತಿತ್ತು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಂವಿಧಾನಬದ್ಧ ಆಡಳಿತದ ರುಚಿಯನ್ನು ಮೊದಲು ಕಂಡದ್ದು ಕೊಳ್ಳೇಗಾಲವೇ ಹೊರತು ಯಳಂದೂರಲ್ಲ. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಆದರೆ ಅದು ಅಹವಾಲು ಹೇಳುವ ಸಭೆ, ದಿವಾನರನ್ನು ಇಳಿಸುವ ಸಭೆಯಲ್ಲ. ಮದರಾಸಿನಲ್ಲಿ 1937ರಲ್ಲೇ ಶಾಸನಸಭೆಗೆ ಉತ್ತರ ಹೇಳಬೇಕಾದ ರಾಜಾಜಿ ಮಂತ್ರಿಮಂಡಲ ಬಂತು. ಮೈಸೂರಿಗೆ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ, ಅದೂ ಸತ್ಯಾಗ್ರಹ ನಡೆದ ಮೇಲೆ. ಹಾಗಾದರೆ ಭಾಷೆಯ ಹೆಸರಿನಲ್ಲಿ ಕೊಳ್ಳೇಗಾಲ ಒಳ್ಳೆಯ ಆಡಳಿತ ಬಿಟ್ಟು ಬಂತೇ? ಇಲ್ಲ. 1950ರ ಸಂವಿಧಾನ ಎರಡೂ ಕಡೆಯವರಿಗೆ ಒಂದೇ ಮತ ಕೊಟ್ಟ ಮೇಲೆ ಮದರಾಸಿನ ಆ ಮೇಲುಗೈ ಮುಗಿದಿತ್ತು. ಉಳಿದದ್ದು ದೂರ. ಕೊಳ್ಳೇಗಾಲದ ರೇಷ್ಮೆ ಬೆಳೆಗಾರ ಜಿಲ್ಲಾ ಕಚೇರಿಗೆ ಬರಬೇಕಾದರೆ ಹಾಸನೂರು ಕಾಡು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಮೇಲೆ ಹಾದು ಇಲ್ಲಿಗೆ ತಲುಪಬೇಕಿತ್ತು. ಬಂದ ಮೇಲೆ ಅವನ ಮಾತು ಇಲ್ಲಿ ಅಲ್ಪಸಂಖ್ಯಾತರ ಮಾತು.

ಆದರೂ ಆ ಕರಡಿನಲ್ಲಿ ಬಿಟ್ಟದ್ದರ ಒಂದು ಭಾಗವನ್ನು ಉಳಿಸಿಕೊಳ್ಳಬೇಕಿತ್ತು. ರಾಜ್ಯದ ಒಪ್ಪಿಗೆ ಬೇಡವಾದರೂ ಆ ನೆಲದ ಜನರನ್ನು ಕೇಳುವ ದಾರಿ ಬೇಕಿತ್ತು. ಕೊಳ್ಳೇಗಾಲ ಇಡೀ ತಾಲ್ಲೂಕಾಗಿದ್ದರಿಂದ ಇಡಿಯಾಗಿ ದಾಟಿತು. ಅದರ ಮಗ್ಗುಲಿನ ತಾಳವಾಡಿ, ಡಾ. ರಾಜಕುಮಾರ್ ಅವರ ಗಾಜನೂರು ಇರುವ ತಾಳವಾಡಿ, ತಮಿಳು ಹೆಚ್ಚಿನ ತಾಲ್ಲೂಕೊಂದರ ಫಿರ್ಕಾ (ಹೋಬಳಿ) ಆಗಿದ್ದರಿಂದ ಇತ್ತಲೇ ಉಳಿಯಿತು. ಹಳ್ಳಿ ಹಳ್ಳಿ ಎಣಿಸುವುದು ಅಸಾಧ್ಯವೆನ್ನುವಂತಿಲ್ಲ. ನಾಲ್ಕೇ ವರ್ಷದಲ್ಲಿ, 1960ರ ಏಪ್ರಿಲ್ 1ರಂದು, ಪಾಟಸ್ಕರ್ ಸೂತ್ರದಂತೆ ಹಳ್ಳಿಯನ್ನೇ ಘಟಕ ಮಾಡಿ ಆಂಧ್ರ ಮತ್ತು ಮದರಾಸಿನ ಗಡಿ ತಿದ್ದಿದರು, ತಿರುತ್ತಣಿ ಮದರಾಸಿಗೆ ಬಂತು. ಈಗ ಗಡಿ ಕೆದಕಬೇಕೆಂದು ಇದನ್ನು ಹೇಳುತ್ತಿಲ್ಲ, ಎಲ್ಲಿ ಗೆರೆ ಎಳೆದರೂ ಆಚೆ ಈಚೆ ಕೆಲವರು ಉಳಿದೇ ಉಳಿಯುತ್ತಾರೆ. ಅಂಥವರಿಗೆ ಬೇಕಾದದ್ದು ಕಾನೂನಿನ ರಕ್ಷಣೆ. ಅಮೆರಿಕದವರು 1868ರ 14ನೇ ತಿದ್ದುಪಡಿಯಲ್ಲಿ, ರಾಜ್ಯದೊಳಗಿನ ಯಾರಿಗೂ ಕಾನೂನಿನ ಸಮಾನ ರಕ್ಷಣೆ ತಪ್ಪಿಸಬಾರದೆಂದು ರಾಜ್ಯಗಳ ಕೈ ಕಟ್ಟಿದರು. ನಮ್ಮಲ್ಲಿ ಕೊಳ್ಳೇಗಾಲ ಇಲ್ಲಿಂದ ಹೋದ ದಿನವೇ ಜಾರಿಗೆ ಬಂದ 7ನೇ ತಿದ್ದುಪಡಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು 350ಎ ವಿಧಿಯನ್ನು ಸೇರಿಸಿತು. ತಾಳವಾಡಿಯ ಕನ್ನಡ ಶಾಲೆಗಳಿಗೆ ಶಿಕ್ಷಕರನ್ನೂ ಪುಸ್ತಕಗಳನ್ನೂ ಕೇಳುವಾಗ ಇಲ್ಲಿನ ಕನ್ನಡಿಗರ ನಮ್ಮ ಸಂಘ ಮುಂದಿಡಬೇಕಾದ ಆಧಾರ ಆ ವಿಧಿಯೇ.