ಹಸಿರು ಗುಡ್ಡ, ನೀಲಿ ಗೆರೆ

ನೆಟ್ ಸ್ಲೋ ಅಂತ ಬೈಯೋದು ಇವತ್ತು ನಿನ್ನೆಯ ಚಾಳಿ ಅಲ್ಲ. 1994ರ ಮಾತು ಕೇಳಿ. ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಟೋಬಿಯಾಸ್ ಓಟಿಕರ್ ಕೆಲಸ ಮಾಡುತ್ತಿದ್ದರು. ಅವರಿದ್ದ ಕಡೆ ಹೊರಜಗತ್ತಿಗೆ ಇದ್ದದ್ದು ಒಂದೇ ಲೈನು. ವೇಗ, ಸೆಕೆಂಡಿಗೆ 64 ಕಿಲೋಬಿಟ್. ಇವತ್ತು ನೀವು ವಾಟ್ಸ್‌ಆ್ಯಪ್‌ನಲ್ಲಿ ತಳ್ಳೋ 2 ಎಂಬಿ ಫೋಟೋ ಇದೆಯಲ್ಲ, ಅದೊಂದೇ ಆ ಲೈನನ್ನು 4 ನಿಮಿಷಕ್ಕೂ ಹೆಚ್ಚು ಹೊತ್ತು ಕಟ್ಟಿಹಾಕುತ್ತಿತ್ತು!

ಲೈನ್ ಎಷ್ಟು ತುಂಬಿದೆ ಅನ್ನೋದು ಎಲ್ಲರ ಪ್ರಶ್ನೆ. ಓಟಿಕರ್ ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ, ವೆಬ್ ಪುಟದ ಮೇಲೆ ಚಿತ್ರ ಬರೆಸಿದರು. 1995ರಲ್ಲಿ ಅದು ಎಂಆರ್‌ಟಿಜಿ ಎಂಬ ಹೆಸರಲ್ಲಿ ಹೊರಬಂತು. ಬಿಟ್ಟಿ ಸಾಫ್ಟ್‌ವೇರ್.

ಕೆಲಸದ ರೀತಿ ನಮ್ಮ ಮನೆಯ ಕರೆಂಟ್ ಮೀಟರ್ ರೀಡಿಂಗ್ ಥರಾನೇ. ರೂಟರ್ ತನ್ನ ಮೂಲಕ ಹೋದ ಬೈಟ್‌ಗಳನ್ನು ಎಣಿಸುತ್ತಲೇ ಇರುತ್ತದೆ. ಎಂಆರ್‌ಟಿಜಿ 5 ನಿಮಿಷಕ್ಕೊಮ್ಮೆ ಆ ಅಂಕಿ ಓದಿ, ಹಿಂದಿನದನ್ನು ಕಳೆದು, 300 ಸೆಕೆಂಡಿನಿಂದ ಭಾಗಿಸುತ್ತದೆ. ಅಷ್ಟೇ. ಒಳಬರುವ ದಟ್ಟಣೆ ಹಸಿರು ಗುಡ್ಡ, ಹೊರಹೋಗುವುದು ನೀಲಿ ಗೆರೆ. ಪೂರ್ತಿ ಪರ್ಲ್ ಭಾಷೆಯಲ್ಲಿದ್ದ ಈ ಪ್ರೋಗ್ರಾಂ ತೆವಳುತ್ತಿತ್ತು. 1996ರಲ್ಲಿ ಡೇವ್ ರ‍್ಯಾಂಡ್ ಅದರ ಮುಖ್ಯ ಭಾಗಗಳನ್ನು ಸಿ ಭಾಷೆಯಲ್ಲಿ ಬರೆದು ಕಳಿಸಿದರು. ವೇಗ 40 ಪಟ್ಟು ಏರಿತು. ಕೇಳದೇ ಬಂದ ಉಡುಗೊರೆ ಅಂದ್ರೆ ಇದು!

ನನಗೆ ಇದರಲ್ಲಿ ನಿಜಕ್ಕೂ ಹಿಡಿಸಿದ್ದು ಅದರ ದಾಖಲೆ ಪುಸ್ತಕ. ಎರಡು ವರ್ಷದ ಲೆಕ್ಕ ಇಟ್ಟರೂ ಫೈಲ್ ದಪ್ಪ ಆಗೋದೇ ಇಲ್ಲ. ಹೇಗೆ ಗೊತ್ತಾ? ಹೊಸದು 5 ನಿಮಿಷದ ಲೆಕ್ಕ. ಹಳತಾದಂತೆ ಅರ್ಧ ಗಂಟೆಯ ಸರಾಸರಿ, ಆಮೇಲೆ 2 ಗಂಟೆಯದು, ಕೊನೆಗೆ ಇಡೀ ದಿನಕ್ಕೆ ಒಂದೇ ಅಂಕಿ.

ಅಪಾಯವೂ ಅಲ್ಲೇ ಇದೆ. ಒಂದು ಗಂಟೆ ಲೈನ್ ಪೂರ್ತಿ ಜಾಮ್ ಆಗಿ, ಉಳಿದ 23 ಗಂಟೆ ಖಾಲಿ ಇತ್ತು ಅಂದ್ಕೊಳ್ಳಿ. ವರ್ಷದ ಚಿತ್ರದಲ್ಲಿ ಆ ದಿನ ಬರೀ 4 ಪರ್ಸೆಂಟ್ ಚಿಲ್ಲರೆ! ಆ ಒಂದು ಗಂಟೆ ಒದ್ದಾಡಿದವನು ಸುಳ್ಳುಗಾರ, ಗ್ರಾಫ್ ಹರಿಶ್ಚಂದ್ರ. ಲೈನ್ ದೊಡ್ಡದು ಮಾಡಿ ಅಂತ ಕೇಳಿದರೆ ದುಡ್ಡು ಕೊಡುವವರು ಆ ಗ್ರಾಫನ್ನೇ ಮುಂದಿಡಬಹುದು.

ಓಟಿಕರ್ ಇದಕ್ಕೂ ದಾರಿ ಇಟ್ಟಿದ್ದರು. ಸರಾಸರಿಯ ಪಕ್ಕದಲ್ಲೇ ಗರಿಷ್ಠ ಅಂಕಿಯೂ ಫೈಲಿನಲ್ಲಿ ಉಳಿಯುತ್ತಿತ್ತು. ಆದರೆ ವಾರ, ತಿಂಗಳು, ವರ್ಷದ ಚಿತ್ರದಲ್ಲಿ ಅದು ಕಾಣಬೇಕಾದರೆ, ತೋರಿಸು ಅಂತ ಯಾರಾದರೂ ಮೊದಲೇ ಬರೆದಿಟ್ಟಿರಬೇಕಿತ್ತು.