ಪಕ್ಷಿನಾಮವೊಂದರ ಚರಿತ್ರೆ: ಸ್ಪೆನ್ಸರ್ ಬೇರ್ಡ್ ಮತ್ತು ಲೂಸಿ ಬೇರ್ಡ್

ಜೀವಿಗಳ ವೈಜ್ಞಾನಿಕ ನಾಮಗಳು ಪ್ರಾಣಿಶಾಸ್ತ್ರಜ್ಞರಿಗೆ ವರ್ಗೀಕರಣದ ಸಾಧನಗಳು. ಇತಿಹಾಸದ ವಿದ್ಯಾರ್ಥಿಗಳಾದ ನಮಗಾದರೋ ಅವು ದಾಖಲೆಗಳೂ ಹೌದು. ವ್ಯಕ್ತಿಯೊಬ್ಬರ ಗೌರವಾರ್ಥವಾಗಿ ಜೀವಿಗೆ ಹೆಸರಿಡುವಾಗ ಆ ಹೆಸರನ್ನು ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯ ಷಷ್ಠೀ ವಿಭಕ್ತಿಯಲ್ಲಿ ಪ್ರಯೋಗಿಸುತ್ತಾರೆ. ಪ್ರತ್ಯಯದಿಂದ ಆ ವ್ಯಕ್ತಿ ಪುರುಷನೋ ಸ್ತ್ರೀಯೋ ಎಂಬುದು ತಿಳಿಯುತ್ತದೆ. ಗೌರವವು ಸಂದುದೇಕೆಂಬುದು ಮಾತ್ರ ತಿಳಿಯದು. ಅಮೆರಿಕದ ಪ್ರಕೃತಿವಿಜ್ಞಾನಿ ಸ್ಪೆನ್ಸರ್ ಫುಲ್ಲರ್ಟನ್ ಬೇರ್ಡನ (1823–1887) ಮಗಳ ಹೆಸರನ್ನು ಹೊತ್ತ ಹಕ್ಕಿಯೊಂದರ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1850ರಲ್ಲಿ ಬೇರ್ಡನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಹಾಯಕ ಕಾರ್ಯದರ್ಶಿಯಾದನು. ಆಗ ಅವನು ಜೊತೆಯಲ್ಲಿ ತಂದ ಸ್ವಂತ ಸಂಗ್ರಹವು ಎರಡು ರೈಲು ಡಬ್ಬಿಗಳನ್ನು ತುಂಬಿತ್ತು. 1878ರಲ್ಲಿ ಅವನೇ ಆ ಸಂಸ್ಥೆಯ ಮುಖ್ಯಸ್ಥನಾದನು. ಪಶ್ಚಿಮ ಪ್ರಾಂತಗಳ ಸೈನಿಕ ಠಾಣ್ಯಗಳಲ್ಲಿದ್ದ ವೈದ್ಯರಿಂದಲೂ ಭೂಮಾಪನ ತಂಡಗಳಿಂದಲೂ ಮಾದರಿಗಳನ್ನು ತರಿಸಿಕೊಂಡು ಅಭ್ಯಸಿಸುವುದು ಅವನ ಕಾರ್ಯಕ್ರಮವಾಗಿತ್ತು. ತರುಣ ಸಂಗ್ರಾಹಕರಿಗೆ ಅವನ ಆಶ್ರಯವು ಅಮೂಲ್ಯವಾದುದಾಗಿತ್ತು.

ಈ ವ್ಯವಸ್ಥೆಯೊಳಗಿಂದಲೇ ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿಗಳ ಮೂರು ಹೆಸರುಗಳು ಹೊರಟವು. 1860ರಲ್ಲಿ ಬೇರ್ಡನು ಪ್ರಕಟಿಸಿದ ಹಕ್ಕಿಗೆ, ಅದನ್ನು ನ್ಯೂ ಮೆಕ್ಸಿಕೊದಲ್ಲಿ ದೊರಕಿಸಿದ ಸೈನ್ಯವೈದ್ಯ ಆಂಡರ್ಸನ್ನನ ಪತ್ನಿ ವರ್ಜಿನಿಯಾಳ ಹೆಸರು ಬಂದಿತು. 1865ರಲ್ಲಿ ಪ್ರಕಟವಾದ ಮತ್ತೊಂದಕ್ಕೆ, ಅದನ್ನು ಕಂಡುಹಿಡಿದ ಎಲಿಯಟ್ ಕೌಸನ ಕೋರಿಕೆಯಂತೆ ಅವನ ತಂಗಿ ಗ್ರೇಸಳ ಹೆಸರನ್ನು ಬೇರ್ಡನು ಇಟ್ಟನು. ಇವೆರಡರ ನಡುವೆ, 1861ರಲ್ಲಿ, ಕೊಲರಾಡೋ ನದೀತೀರದ ಮೊಹಾವಿ ಕೋಟೆಯ ಬಳಿ ತನಗೆ ದೊರೆತ ಹಕ್ಕಿಗೆ ವೈದ್ಯ ಜೇಮ್ಸ್ ಕೂಪರನು 'ಲೂಸಿಯೀ' ಎಂದು ಹೆಸರಿಟ್ಟನು. ಲೂಸಿಯು ಬೇರ್ಡನ ಏಕಮಾತ್ರ ಸಂತಾನ. ಆಗ ಆಕೆಗೆ ಹದಿಮೂರು ವರ್ಷ.

ಮೂರು ಹೆಸರುಗಳಲ್ಲಿಯೂ ಮನೆತನದ ಹೆಸರಿಲ್ಲ, ಕರೆಯುವ ಹೆಸರು ಮಾತ್ರ ಇದೆಯೆಂಬುದು ಗಮನಾರ್ಹ. ಆದರೆ ಮೂರೂ ಒಂದೇ ಬಗೆಯವಲ್ಲ. ಮೊದಲಿನ ಎರಡರಲ್ಲಿ ಹಕ್ಕಿಯನ್ನು ದೊರಕಿಸಿದವನ ಮನೆಯವರಿಗೇ ಹೆಸರು ಸಂದಿತು. ಲೂಸಿಗಾದರೋ ಅದು ಹೊರಗಿನವನೊಬ್ಬನಿಂದ ಬಂದ ಕಾಣಿಕೆ. ವಸ್ತುತಃ ಅದು ತಂದೆಗೆ ಸಂದುದೆಂದರೆ ತಪ್ಪಾಗಲಾರದು. ಇದನ್ನು ಬರಿಯ ಮುಖಸ್ತುತಿಯೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ವಿಜ್ಞಾನಿಯ ಕೆಲಸವು ಅವನ ಮನೆಯೊಳಗೂ ಹಬ್ಬಿದ್ದ ಕಾಲದ ಸಾಕ್ಷ್ಯ ಇದರಲ್ಲಿದೆ. ಆದರೂ ಲೂಸಿ ಸ್ವತಃ ಮಾಡಿದುದೇನೆಂಬುದನ್ನು ಈ ಹೆಸರು ಹೇಳುವುದಿಲ್ಲ.

ಆಕೆ ಮಾಡಿದ ಕಾರ್ಯ ಅಲ್ಪವಲ್ಲ. ತಂದೆಯ ಮರಣಾನಂತರ ಅವನ ಜೀವನಚರಿತ್ರೆಗೆ ಬೇಕಾದ ಸಾಮಗ್ರಿಯನ್ನು ಆಕೆ ಸಂಗ್ರಹಿಸಿದಳು. 1913ರಲ್ಲಿ ಆಕೆ ತೀರಿಕೊಂಡಳು. ಬೇರ್ಡನ ಪತ್ರವ್ಯವಹಾರದ ಭಾಗಗಳನ್ನೊಳಗೊಂಡ ಚರಿತ್ರೆಯು ವಿಲಿಯಂ ಹೀಲಿ ಡಾಲನ ಕೈಯಿಂದ 1915ರಲ್ಲಿ ಹೊರಬಂದಿತು. ಗ್ರಂಥದ ಕರ್ತೃ ಡಾಲನೆಂದೇ ಪ್ರಸಿದ್ಧಿ. ಎಂದರೆ, ಏನನ್ನೂ ಮಾಡದಿದ್ದ ವಯಸ್ಸಿನಲ್ಲಿ ಲೂಸಿಯ ಹೆಸರು ಹಕ್ಕಿಗೆ ಅಂಟಿತು. ದುಡಿದ ಕಾರ್ಯಕ್ಕೆ ಆಕೆಯ ಹೆಸರು ಅಂಟಲಿಲ್ಲ.

2023ರ ನವೆಂಬರಿನಲ್ಲಿ ಅಮೆರಿಕದ ಪಕ್ಷಿಶಾಸ್ತ್ರ ಸಂಘವು ತನ್ನ ವ್ಯಾಪ್ತಿಯ ಹಕ್ಕಿಗಳ ಇಂಗ್ಲಿಷ್ ಹೆಸರುಗಳಿಂದ ವ್ಯಕ್ತಿನಾಮಗಳನ್ನು ಕೈಬಿಡುವ ನಿರ್ಣಯವನ್ನು ಪ್ರಕಟಿಸಿತು. ಲ್ಯಾಟಿನ್ ನಾಮಗಳಿಗೆ ಇದು ಅನ್ವಯಿಸದು. ಕೂಪರನಿಟ್ಟ ಕುಲನಾಮವು ಹಿಂದೆಯೇ ಬದಲಾಗಿದೆ. 'ಲೂಸಿಯೀ' ಎಂಬ ಜಾತಿನಾಮವು ಹಾಗೆಯೇ ಉಳಿದಿದೆ. ಆದುದರಿಂದ ಈ ನಾಮವನ್ನು ಓದುವವರು ತಂದೆಯ ಪ್ರಭಾವದೊಡನೆ ಮಗಳ ಶ್ರಮವನ್ನೂ ಸ್ಮರಿಸುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.