ದಪ್ಪ ದನಿಯ ವಾದ್ಯಕ್ಕೂ ಹಾಡು ಬಂತು

ಕಲಬುರಗಿಯಲ್ಲಾಗಲಿ, ಕಮಲಾಪುರದಲ್ಲಾಗಲಿ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಹಾಡು ನುಡಿಸುವುದು ಕ್ಲಾರಿನೆಟ್, ಟ್ರಂಪೆಟ್‌ಗಳ ಪಾಲು. ದಪ್ಪ ದನಿಯ ಹಿತ್ತಾಳೆ ವಾದ್ಯಗಳದ್ದೇನಿದ್ದರೂ 'ಭೋಂ ಭೋಂ' ಎಂದು ತಾಳಕ್ಕೆ ಒತ್ತು ಕೊಡುವ ಕೆಲಸ. ಪಶ್ಚಿಮದಲ್ಲೂ ಬಾಸ್ ಟ್ರೊಂಬೋನಿನ ಹಣೆಬರಹ ಬಹುಕಾಲ ಇದೇ ಆಗಿತ್ತು.

ಅದನ್ನು ತಿದ್ದಿದವರಲ್ಲಿ ಪ್ರಮುಖರು ಅಮೆರಿಕದ ಜಾರ್ಜ್ ರಾಬರ್ಟ್ಸ್ (1928-2014). 1950ರ ದಶಕದಲ್ಲಿ ಸ್ಟಾನ್ ಕೆಂಟನ್ ವಾದ್ಯವೃಂದದಲ್ಲಿ, ಬಳಿಕ ನೆಲ್ಸನ್ ರಿಡಲ್ ಸಂಯೋಜನೆಗಳಲ್ಲಿ ಅವರು ಅದನ್ನು ಗಾಯಕನ ಕಂಠದಂತೆ ಹಾಡಿಸಿದರು. ಇದು ಸುಲಭದ ಮಾತಲ್ಲ. ಕೊಳವೆ ಅಗಲ, ದೀರ್ಘ ಸ್ವರ ಮುಗಿಯುವ ಮೊದಲೇ ಉಸಿರು ಬರಿದಾಗುತ್ತದೆ. ಆದರೆ ಅದರ ಜಾರುಕೊಳವೆ ಸ್ವರದಿಂದ ಸ್ವರಕ್ಕೆ ನಡುವೆ ಕಡಿಯದೆ ಸಾಗಬಲ್ಲದು. ಹಿಂದುಸ್ತಾನಿ ಕೇಳಿ ಪಳಗಿದ ಕಿವಿಗೆ ಇದು ಮೀಂಡ್ ಅಲ್ಲದೆ ಮತ್ತೇನು?

ಪರದೇಶಿ ಬ್ಯಾಂಡ್ ವಾದ್ಯ ನಮ್ಮ ರಾಗಕ್ಕೆ ಒಲಿಯದು ಎನ್ನುವವರಿಗೆ ಕದ್ರಿ ಗೋಪಾಲನಾಥರ ಉದಾಹರಣೆ ಸಾಕು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಈ ನಾಗಸ್ವರ ಕಲಾವಿದರ ಮಗ, ಕೀಲಿಗಳ ಆ ವಾದ್ಯಕ್ಕೆ ಪಟ್ಟು ಹಿಡಿದು ಗಮಕ ಕಲಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಟ್ರೊಂಬೋನಿಗಾದರೋ ಜಾರುವುದು ಹುಟ್ಟುಗುಣ. ವೇಗದ ತಾನಕ್ಕೆ ಕೊಳವೆಯನ್ನು ತೋಳುದ್ದ ಎಳೆದಾಡಬೇಕಾದ ತೊಡಕುಂಟು, ನಿಜ. ವಿಲಂಬಿತ ಆಲಾಪಕ್ಕೆ ಮಾತ್ರ ಅದು ಹೇಳಿ ಮಾಡಿಸಿದಂತಿದೆ.